ಅವನು ತೆಗೆದುಕೊಳ್ಳದ ರಾಜೀನಾಮೆ

“ಇದನ್ನ ನಾ ತಗೋಳಂಗಿಲ್ರಿ ಮೇಡಂ.”

ಕಿಟಕಿಯ ಆಚೆ ಕುಳಿತಿದ್ದವನು ಹೇಳಿದ್ದು ಅಷ್ಟೇ. ಲುಂಬಿನಿ ಕೊಟ್ಟ ಹಾಳೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಬಂದ ಹಾಗೆಯೇ ಮಡಚಿ, ಮತ್ತೆ ಅವಳ ಕಡೆಗೆ ಸರಿಸಿದ.

ಲುಂಬಿನಿ ಹಾಳೆಯನ್ನು ಮುಟ್ಟಲಿಲ್ಲ.

ವಾಡಿಯ ಹತ್ತಿರದ ಆ ಸಿಮೆಂಟ್ ಕಾರ್ಖಾನೆಯ ಲ್ಯಾಬಿನಲ್ಲಿ ಏಳು ವರ್ಷ ದುಡಿದವಳು ಅವಳು. ಈ ಒಂದು ಹಾಳೆ ಬರೆಯುವ ಧೈರ್ಯ ತಂದುಕೊಳ್ಳುವುದಕ್ಕೇ ಎರಡು ವರ್ಷ ಹಿಡಿದಿತ್ತು. ಅವಳು ಮಾಡಿದ ಪರೀಕ್ಷೆಗಳ ಕೆಳಗೆ ಬೇರೆಯವರ ಹೆಸರು ಬೀಳುತ್ತಿತ್ತು. ಅವಳ ನಂತರ ಸೇರಿದವರಿಗೆ ಬಡ್ತಿ ಸಿಗುತ್ತಿತ್ತು. ಈಗ ಚಿಂಚೋಳಿ ಕಡೆ ಏಳುತ್ತಿದ್ದ ಹೊಸ ಕಾರ್ಖಾನೆಯವರು ಇಡೀ ಲ್ಯಾಬನ್ನೇ ಅವಳಿಗೆ ಒಪ್ಪಿಸುವುದಾಗಿ ಹೇಳಿದ್ದರು. ಅಂಥ ಹೊತ್ತಿನಲ್ಲಿ, ಎಚ್‌ಆರ್ ಆಫೀಸಿಗೆ ಬಂದು ಮೂರು ತಿಂಗಳೂ ಆಗದ ಒಬ್ಬ ಗುತ್ತಿಗೆ ಗುಮಾಸ್ತ ತನ್ನ ರಾಜೀನಾಮೆಯನ್ನು ವಾಪಸ್ ಕೊಡುತ್ತಿದ್ದಾನಲ್ಲ...

“ತಗೋಳೋದು ನಿಮ್ಮ ಕೆಲಸ. ಸಿಕ್ಕಾ ಹಾಕ್ರಿ, ಒಂದ್ ಕಾಪಿ ನಂಗ ಕೊಡ್ರಿ” ಎಂದು ಅವನ ಮೇಜಿನ ಮೇಲಿದ್ದ ಮೊಹರನ್ನು ತೋರಿಸಿದಳು.

“ಹಾಕ್ತೀನ್ರಿ. ಅದಕ್ಕಿಂತ ಮೊದಲ ಒಂದ್ ಮಾತು. ಹೊಸ ಕಡೀದು ಆರ್ಡರ್ ಕೈಯಾಗ ಬಂದದೇನ್ರಿ?”

“ಫೋನ್ ಮಾಡ್ಯಾರ. ಎರಡ್ ದಿನದಾಗ ಕಳಸ್ತೀವಿ ಅಂದಾರ.”

“ಹಂಗಾದ್ರ ಎರಡ್ ದಿನ ಬಿಟ್ಟು ಬರ್ರಿ. ಇವತ್ತು ನಾ ಸಿಕ್ಕಾ ಹಾಕಿದ್ರ ಒಂದ್ ತಿಂಗಳಿಗೆ ನಿಮ್ಮ ನೌಕರಿ ಮುಗೀತದ. ಅದರ ಜೊತಿಗೆ ನಿಮ್ಮಪ್ಪೋರ ದವಾಖಾನಿ ಕಾರ್ಡೂ ನಿಲ್ತದ. ಮುಂದಿಂದು ಗಟ್ಟಿ ಆಗೂತನ ಇದನ್ನ ಕೊಡಬ್ಯಾಡ್ರಿ.”

ಅಪ್ಪನ ಮಾತು ಬಂದದ್ದೇ ಲುಂಬಿನಿಯ ಮುಖ ಕೆಂಪೇರಿತು. ನನ್ನ ಫೈಲು ತೆಗೆದು ನೋಡಿದ್ದಾನೆ! ನಮ್ಮ ಮನೆಯ ಕಷ್ಟ ಇವನಿಗೆ ಯಾಕೆ ಬೇಕು? ಅವಳು ಹಾಳೆಯನ್ನು ಎಳೆದುಕೊಂಡು, ಚಪ್ಪಲಿ ಸದ್ದು ಮಾಡುತ್ತ ಹೊರಟೇಹೋದಳು. ಅವನ ಹೆಸರು ಕಪಿಲ ಎಂದು ಗೊತ್ತಾದದ್ದು ಬಾಗಿಲ ಬಳಿ. ಒಳಗಿನಿಂದ ಹಿರಿಯ ಗುಮಾಸ್ತೆ ನೂರಜಹಾನ್ ಅವನನ್ನು ಹೆಸರು ಹಿಡಿದು ಗದರುತ್ತಿದ್ದರು... ಬಂದ ಕಾಗದ ತೆಗೆದುಕೊಳ್ಳದಿದ್ದರೆ ನಿನ್ನ ನೌಕರಿಯೇ ಹೋಗುತ್ತದೆ ಎಂದು.

ಆ ಸಂಜೆ ರಾವೂರಿನ ಮನೆಯಲ್ಲಿ ಅವಳಿಗೆ ಊಟ ಸೇರಲಿಲ್ಲ. ಅಪ್ಪ ಭಗವಂತ ಇಪ್ಪತ್ತೆಂಟು ವರ್ಷ ಫರ್ಸಿ ಖಣಿಯಲ್ಲಿ ಹಾಸುಗಲ್ಲು ಸೀಳಿದವನು. ಅಷ್ಟೂ ವರ್ಷದ ಕಲ್ಲಿನ ಧೂಳು ಈಗ ಅವನ ಎದೆಯಲ್ಲಿತ್ತು. ಮೂರು ತಿಂಗಳಿಗೊಮ್ಮೆ ಕಲಬುರಗಿಯ ಆಸ್ಪತ್ರೆಗೆ ಕರೆದೊಯ್ಯಬೇಕು, ಕೆಲವೊಮ್ಮೆ ವಾರಗಟ್ಟಲೆ ಇಡಬೇಕು. ಎಲ್ಲವೂ ನಡೆಯುತ್ತಿದ್ದದ್ದು ಅವಳ ಕಂಪನಿಯ ವಿಮೆಯ ಮೇಲೆ. ಅವ್ವ ಅನಸುಬಾಯಿ ರೊಟ್ಟಿ ಬಡಿಯುತ್ತ, ಹೊಸ ನೌಕರಿ ಯಾವಾಗ ಎಂದು ಕೇಳಿದಳು. ಅಪ್ಪ ಕೆಮ್ಮುತ್ತಲೇ ನಕ್ಕು, ಚಿಂಚೋಳಿ ಕಡೆ ಗಾಳಿ ಚಲೋ ಇರುತ್ತದಂತೆ ಎಂದ.

ಲುಂಬಿನಿ ತಲೆ ತಗ್ಗಿಸಿದಳು. ಹೊಸ ಕಂಪನಿಯಲ್ಲಿ ಅಪ್ಪನ ಚಿಕಿತ್ಸೆಗೆ ಯಾವ ದಿನದಿಂದ ವಿಮೆ ಸಿಗುತ್ತದೆ? ಸಿಗುತ್ತದೆಯೇ? ಅವಳು ಕೇಳಿಯೇ ಇರಲಿಲ್ಲ.

ಎರಡು ದಿನ ಕಳೆಯಿತು. ಮೂರನೆಯ ದಿನ ಚಿಂಚೋಳಿಯಿಂದ ಫೋನು ಬಂತು. ಯಂತ್ರಗಳು ಬರುವುದು ತಡವಾಗಿದೆ, ನೇಮಕದ ಆರ್ಡರ್ ಕೊಡಲು ಇನ್ನೂ ಒಂದೂವರೆ ತಿಂಗಳು ಬೇಕು, ದಯವಿಟ್ಟು ಕಾಯಿರಿ ಎಂದರು.

ಫೋನಿಟ್ಟವಳು ಚೀಲದಲ್ಲಿದ್ದ ಆ ಹಾಳೆಯನ್ನು ತೆಗೆದು ನೋಡಿದಳು. ಅಂದು ಆ ಕಾಗದಕ್ಕೆ ಸಿಕ್ಕಾ ಬಿದ್ದಿದ್ದರೆ... ಇಲ್ಲೂ ಇಲ್ಲ, ಅಲ್ಲೂ ಇಲ್ಲ. ಅಪ್ಪನನ್ನು ಯಾವ ಆಸ್ಪತ್ರೆಯ ಮುಂದೆ ಕೂರಿಸಬೇಕಿತ್ತು?

ಮರುದಿನ ಕ್ಯಾಂಟೀನಿನಲ್ಲಿ ಕಪಿಲ ಒಬ್ಬನೇ ಚಹಾ ಕುಡಿಯುತ್ತಿದ್ದ. ಅವಳು ಹೋಗಿ ಎದುರಿಗೆ ನಿಂತಳು. ಕ್ಷಮೆ ಕೇಳುವುದು ಹೇಗೆಂದು ಗೊತ್ತಾಗದೆ, ಅವತ್ತು ಸಿಟ್ಟಿನಲ್ಲಿ ಜೈಭೀಮ್ ಕೂಡ ಹೇಳದೆ ಹೋದೆ ಎಂದಳು. ಅವನು ನಕ್ಕು, “ಇವತ್ತು ಹೇಳ್ರಿ. ಕುಂದ್ರಿ” ಎಂದ.

ಹಾಗೆ ಶುರುವಾಯಿತು.

ಚಿತ್ತಾಪುರದ ಕಪಿಲ ಹೆಚ್ಚು ಮಾತಿನವನಲ್ಲ. ಆದರೆ ನೌಕರಿ ಬಿಡುವ ವಿಷಯ ಬಂದರೆ ಅವನ ಬಾಯಿ ಬಿಚ್ಚುತ್ತಿತ್ತು. ಏಳು ವರ್ಷದ ಸಂಬಳದ ಚೀಟಿಗಳನ್ನು ಈಗಲೇ ತೆಗೆದು ಮನೆಯಲ್ಲಿಡಲು ಹೇಳಿದ. ಪಿಎಫ್ ಖಾತೆಯಲ್ಲಿ ಅವಳ ಹುಟ್ಟಿದ ದಿನಾಂಕ ತಪ್ಪಾಗಿದ್ದದ್ದನ್ನು ಅವನೇ ಕಂಡುಹಿಡಿದು ಸರಿಮಾಡಿಸಿದ. ಅಪ್ಪನ ಕಾಯಿಲೆಗೆ ಮೊದಲ ದಿನದಿಂದಲೇ ವಿಮೆ ಸಿಗುತ್ತದೆ ಎಂಬುದನ್ನು ಹೊಸಬರಿಂದ ಬರಹದಲ್ಲಿ ಪಡೆಯಬೇಕು, ಎರಡು ನೌಕರಿಗಳ ನಡುವೆ ಒಂದು ದಿನವೂ ಖಾಲಿ ಬಿಡಬಾರದು ಎಂದ.

“ಇನ್ನೊಂದ್ ಮಾತ್ರಿ. ಬಿಟ್ಟು ಹೋಗೋರ ಹೆಸರಿನ ಮ್ಯಾಲ ತಪ್ಪು ಹಾಕೋದು ಸಸಾರ. ನೀವು ಮಾಡದ ಕೆಲಸಕ್ಕ ಸಹಿ ಮಾಡಬ್ಯಾಡ್ರಿ. ಮಾಡಿದ್ದನ್ನ ಬರದು ಒಪ್ಪಿಸ್ರಿ, ಒಪ್ಪಿಸಿದ್ದಕ್ಕ ಸಹಿ ತಗೋರಿ.”

ಇದೆಲ್ಲ ಹೇಗೆ ಗೊತ್ತು ಎಂದು ಅವಳು ಒಮ್ಮೆ ಕೇಳಿದಳು. ಅವನು ಲೋಟದ ತಳವನ್ನೇ ನೋಡಿದ. ಹಿಂದೆ ಸೇಡಂ ಕಡೆ ಒಂದು ನೌಕರಿ ಬಿಟ್ಟಿದ್ದೆ ಎಂದಷ್ಟೇ ಹೇಳಿ ಎದ್ದು ಹೋದ.

ಲುಂಬಿನಿ ಬಸ್ಸಿಗೆ ನಿಂತಾಗ ಅವನೂ ಬಂದು ನಿಲ್ಲುತ್ತಿದ್ದ. ಅವನ ರೈಲು ಹೊರಡಲು ಇನ್ನೂ ಒಂದು ಗಂಟೆ ಇದ್ದರೂ! ರಾವೂರಿನ ಬಸ್ಸು ಬಂದಾಗ ಅವಳಿಗೆ ಬೇಸರವಾಗತೊಡಗಿತು. ಬಸ್ಸು ತಡವಾದರೆ ಖುಷಿ. ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ ಇದೆಂಥ ಹುಚ್ಚು ಎಂದು ತನ್ನನ್ನೇ ಗದರಿಕೊಂಡಳು. ಆದರೂ ಕಿಟಕಿಯಿಂದ ಹಿಂತಿರುಗಿ ನೋಡುವುದು ನಿಲ್ಲಲಿಲ್ಲ. ಅವನು ಬಸ್ಸು ತಿರುವು ದಾಟುವ ತನಕ ಅಲ್ಲೇ ಇರುತ್ತಿದ್ದ.

ಜುಲೈ ಕೊನೆಯಲ್ಲಿ ಲ್ಯಾಬಿನ ಸಾಹೇಬರು ಅವಳನ್ನು ಒಳಗೆ ಕರೆದರು.

ಬಾಗಿಲು ಹಾಕಿಸಿದರು. ಬೇರೆ ಕಡೆ ಹೊರಟಿದ್ದೀಯಂತೆ, ಸುದ್ದಿ ಬಂದಿದೆ ಎಂದರು. ಅವಳು ತೊದಲುವಷ್ಟರಲ್ಲಿ, ನಾಳೆಯಿಂದ ಲ್ಯಾಬಿಗೆ ಬರಬೇಡ, ಪ್ಯಾಕಿಂಗ್ ಪ್ಲಾಂಟಿನಲ್ಲಿ ಚೀಲಗಳ ತೂಕ ನೋಡು ಎಂದರು. ಹೋಗುವಾಗ ರಿಲೀವಿಂಗ್ ಲೆಟರ್ ಹೇಗೆ ಸಿಗುತ್ತದೆ ನೋಡುತ್ತೇನೆ ಎಂಬ ಮಾತನ್ನೂ ಸೇರಿಸಿದರು.

ಲುಂಬಿನಿ ಕಾರಿಡಾರಿನ ಗೋಡೆಗೆ ಒರಗಿ ನಿಂತಳು. ಯಾರು ಹೇಳಿದರು? ಅಪ್ಪ ಅವ್ವ ಬಿಟ್ಟರೆ ಈ ವಿಷಯ ಗೊತ್ತಿದ್ದದ್ದು ಕಪಿಲನಿಗೆ, ಅವನ ಆಫೀಸಿನ ನೂರಜಹಾನಿಗೆ. ನೂರಜಹಾನ್ ನಿವೃತ್ತಿಯ ಹತ್ತಿರದವರು, ಯಾರ ಗೋಜಿಗೂ ಹೋಗುವವರಲ್ಲ. ಕಪಿಲ? ಅವನ ಹೆಸರು ಕಾಯಂ ಮಾಡುವವರ ಪಟ್ಟಿಯಲ್ಲಿ ಬಂದಿದೆ ಎಂದು ಕ್ಯಾಂಟೀನಿನಲ್ಲಿ ಜನ ಮಾತಾಡಿದ್ದು ನಿನ್ನೆಯಷ್ಟೇ!

ಇಲ್ಲ... ಅವನು ಅಂಥವನಲ್ಲ...

ಆದರೆ ಭಯ ಹೊಕ್ಕ ಮನಸ್ಸು ಲೆಕ್ಕವನ್ನು ತಾನೇ ಬೇಗಬೇಗ ಕೂಡಿಸಿಬಿಟ್ಟಿತು. ರಾಜೀನಾಮೆ ವಾಪಸ್ ಕೊಟ್ಟದ್ದು, ಚಹಾ ಕುಡಿಸಿದ್ದು, ಒಂದೊಂದೇ ವಿವರ ಕೇಳಿದ್ದು... ಎಲ್ಲಕ್ಕೂ ಈಗ ಬೇರೆಯೇ ಅರ್ಥ ಕಾಣತೊಡಗಿತು.

ಅವಳು ನೇರವಾಗಿ ಆ ಕಿಟಕಿಗೆ ಹೋದಳು. ಸಾಲಿನಲ್ಲಿ ಹತ್ತು ಹನ್ನೆರಡು ಮಂದಿ ಇದ್ದರು. ಕಪಿಲ ತಲೆಯೆತ್ತಿ ನೋಡಿ, ಎಂದಿನಂತೆ ಮುಖ ಅರಳಿಸಿದ.

“ನನ್ನ ವಿಷಯ ಎಷ್ಟಕ್ಕ ಮಾರಿದ್ರಿ?”

ಸಾಲಿನವರೆಲ್ಲ ಅವಳ ಕಡೆ ತಿರುಗಿದರು. ಅವನ ಮುಖದ ನಗು ಇಳಿದುಹೋದದ್ದನ್ನು ಅವಳು ನೋಡಿದಳು. ಅವನು ಸಾಲಿನಲ್ಲಿದ್ದವರನ್ನು ಒಮ್ಮೆ ನೋಡಿದ, ಒಳಗಿನ ಕೋಣೆಯ ಕಡೆ ನೋಡಿದ. ತಲೆ ತಗ್ಗಿಸಿ ಮುಂದಿನವನ ಅರ್ಜಿ ತೆಗೆದುಕೊಂಡ.

ಒಂದು ಮಾತು... ಒಂದೇ ಒಂದು ಮಾತು ಆಡಿದ್ದರೂ ಅವಳು ನಂಬಲು ಸಿದ್ಧಳಿದ್ದಳು. ಆ ಮೌನವೇ ಒಪ್ಪಿಗೆ ಎಂದುಕೊಂಡು ಅವಳು ತಿರುಗಿ ನಡೆದಳು. ಅಂದಿನಿಂದ ಬಸ್ ಸ್ಟ್ಯಾಂಡಿನಲ್ಲಿ ಅವನು ಕಾಣಲಿಲ್ಲ. ಅವನ ನಂಬರನ್ನೂ ಅವಳು ಬ್ಲಾಕ್ ಮಾಡಿದಳು.

ಪ್ಯಾಕಿಂಗ್ ಪ್ಲಾಂಟಿನಲ್ಲಿ ಕಣ್ಣು, ಮೂಗು, ತಲೆಗೂದಲೆಲ್ಲ ಸಿಮೆಂಟಿನ ಪುಡಿ. ಮನೆಗೆ ಬಂದು ತಲೆ ತೊಳೆಯುವಾಗ ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಒಂದು ದಿನ, ನನ್ನ ಎದೆಯಲ್ಲಿರುವುದು ಸಾಕವ್ವ, ನೀನು ಅದನ್ನು ಮನೆಗೆ ತರಬೇಡ ಎಂದ. ಅವತ್ತು ಅವಳು ನೀರಿನ ಸದ್ದಿನಲ್ಲಿ ಅತ್ತಳು. ಅತ್ತದ್ದು ಧೂಳಿಗಲ್ಲ ಎಂದು ಅವಳಿಗೆ ಮಾತ್ರ ಗೊತ್ತಿತ್ತು.

ಆಗಸ್ಟ್ ಮೂರನೇ ವಾರ ಚಿಂಚೋಳಿಯಿಂದ ಆರ್ಡರ್ ಬಂತು. ಕಪಿಲ ಹೇಳಿಕೊಟ್ಟಂತೆಯೇ ಅವಳು ಒಂದೊಂದು ಸಾಲನ್ನೂ ಓದಿದಳು. ಅಪ್ಪನ ವಿಮೆಯ ಮಾತು ಅದರಲ್ಲಿ ಇರಲಿಲ್ಲ. ಫೋನ್ ಮಾಡಿ, ಇಮೇಲ್ ಬರೆದು, ಮೊದಲ ದಿನದಿಂದಲೇ ತಂದೆ ತಾಯಿಗೆ ವಿಮೆ ಇದೆ ಎಂಬ ಉತ್ತರ ಬರಹದಲ್ಲಿ ಬಂದ ಮೇಲೆಯೇ ರಾಜೀನಾಮೆ ಕೊಟ್ಟಳು. ಕೊಟ್ಟದ್ದು ನೂರಜಹಾನ್ ಕೈಗೆ. ಪಕ್ಕದ ಮೇಜಿನಲ್ಲಿ ಕಪಿಲ ಹಾಜರಿ ಪಟ್ಟಿ ಬರೆಯುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಲ್ಯಾಬಿನಲ್ಲಿ ತಾನು ನೋಡಿಕೊಳ್ಳುತ್ತಿದ್ದ ಯಂತ್ರಗಳು, ರಿಜಿಸ್ಟರುಗಳು, ಕೊನೆಯದಾಗಿ ಮಾಡಿದ ಪರೀಕ್ಷೆಯ ದಿನಾಂಕ, ಎಲ್ಲವನ್ನೂ ಎರಡು ಹಾಳೆಯಲ್ಲಿ ಬರೆದು ಒಪ್ಪಿಸಿ ಸಹಿಯನ್ನೂ ಪಡೆದಳು.

ಕೊನೆಯ ವಾರ ಸಾಹೇಬರು ಮತ್ತೆ ಕರೆಸಿದರು. ಮೇಜಿನ ಮೇಲೆ ಲ್ಯಾಬಿನ ರಿಜಿಸ್ಟರು ತೆರೆದಿತ್ತು. ಆಗಸ್ಟ್ ಮೊದಲ ವಾರದ ಆರು ದಿನಗಳ ಪರೀಕ್ಷೆಯ ಅಂಕಿಗಳಿದ್ದವು, ಸಹಿ ಇರಲಿಲ್ಲ. ಆ ದಿನಗಳಲ್ಲಿ ಹೋದ ಸಿಮೆಂಟಿನ ಬಗ್ಗೆ ದೂರು ಬಂದಿದೆ ಎಂದು ಅವಳು ಪ್ಯಾಕಿಂಗ್ ಪ್ಲಾಂಟಿನಲ್ಲೇ ಕೇಳಿದ್ದಳು. ಆರು ಸಹಿ ಹಾಕು, ಕಾಗದ ತೆಗೆದುಕೊಂಡು ಹೋಗು ಎಂದರು ಸಾಹೇಬರು.

ಲುಂಬಿನಿ ಆ ಆರು ಖಾಲಿ ಜಾಗಗಳನ್ನು ನೋಡಿದಳು. ಸೋಮವಾರ ಹೊಸ ಕಡೆ ಸೇರಬೇಕು. ರಿಲೀವಿಂಗ್ ಲೆಟರ್ ಇಲ್ಲದೆ ಅವರು ಸೇರಿಸಿಕೊಳ್ಳುವುದಿಲ್ಲ. ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ಯುವುದು ಮುಂದಿನ ಗುರುವಾರ. ಆರು ಸಹಿ... ಎರಡು ನಿಮಿಷದ ಕೆಲಸ...

“ಆವಾಗ ನಾ ಲ್ಯಾಬಿನಾಗ ಇದ್ದಿಲ್ರಿ ಸರ್” ಎಂದಳು. “ಸಹಿ ಮಾಡಂಗಿಲ್ಲ.”

ನಿನ್ನನ್ನು ಅಲ್ಲಿಗೆ ಕಳಿಸಿದ್ದಕ್ಕೆ ಯಾವ ಕಾಗದವೂ ಇಲ್ಲ, ಬಾಯಿಮಾತಲ್ಲಿ ಹೇಳಿದ್ದು, ಯಾರು ನಂಬುತ್ತಾರೆ ನೋಡೋಣ ಎಂದು ಅವರು ರಿಜಿಸ್ಟರು ಮುಚ್ಚಿದರು.

ಶನಿವಾರ ಕೊನೆಯ ದಿನ. ಮಧ್ಯಾಹ್ನ ಮೂರಾದರೂ ಲೆಟರ್ ಇಲ್ಲ. ನಾಲ್ಕಕ್ಕೆ ನೂರಜಹಾನ್ ಗೇಟಿನ ತನಕ ನಡೆದು ಬಂದು, ಲಕೋಟೆಯೊಂದನ್ನು ಅವಳ ಕೈಯಲ್ಲಿಟ್ಟರು. ಒಳಗೆ ರಿಲೀವಿಂಗ್ ಲೆಟರ್ ಇತ್ತು, ಏಳು ವರ್ಷದ ಅನುಭವ ಪತ್ರವೂ ಇತ್ತು, ಎರಡಕ್ಕೂ ಎಚ್‌ಆರ್ ಮುಖ್ಯಸ್ಥರ ಸಹಿ ಬಿದ್ದಿತ್ತು. ಲುಂಬಿನಿ, ಅಕ್ಕನನ್ನು ಕರೆಯುವಂತೆ ‘ಆಪಾ’ ಎನ್ನುತ್ತ ಅವರ ಕೈ ಹಿಡಿದು ಅತ್ತೇಬಿಟ್ಟಳು. ನನಗೆ ಕೈ ಮುಗಿಯಬೇಡ, ಬಸ್ಸು ಹೋಗುತ್ತದೆ, ನಡಿ ಎಂದರು ಅವರು. ಏನನ್ನೋ ಹೇಳಲು ಹೋಗಿ ತಡೆದುಕೊಂಡಂತೆ ಕಂಡಿತು.

ಹೊಸ ಕಾರ್ಖಾನೆಯಲ್ಲಿ ಎರಡು ವಾರ ಹೋದದ್ದೇ ತಿಳಿಯಲಿಲ್ಲ. ಕ್ವಾರ್ಟರ್ಸಿಗೆ ಅಪ್ಪ ಅವ್ವನನ್ನೂ ಕರೆತಂದಳು. ಮೂರನೇ ವಾರ ಅಲ್ಲಿನ ಎಚ್‌ಆರ್ ಅಧಿಕಾರಿ ಜಯಮಾಲಾ, ಫೈಲಿಗೆ ಬೇಕಾದ ಫೋಟೋ ಅಂಟಿಸಲು ಅವಳನ್ನು ಕರೆದರು. ಮಾತಿನ ನಡುವೆ, ಆರ್ಡರ್ ಕೊಡುವ ಮೊದಲು ನಿಮ್ಮ ಹಳೆಯ ಸಾಹೇಬರಿಗೆ ಫೋನ್ ಮಾಡಿದ್ದೆವು, ಅವರು ಸಿಡಿಮಿಡಿಗೊಂಡರು ಎಂದು ನಗುತ್ತ ಹೇಳಿದರು.

ಲುಂಬಿನಿಯ ಕೈ ನಿಂತಿತು. ಯಾವಾಗ ಎಂದು ಕೇಳಿದಳು.

ಜುಲೈ ಕೊನೆಯಲ್ಲಿ ಎಂದು ಜಯಮಾಲಾ ಫೈಲಿನ ಮೊದಲ ಪುಟ ತಿರುಗಿಸಿದರು. ಸಂದರ್ಶನದ ದಿನ ಅವಳೇ ತುಂಬಿದ ಫಾರಂ ಅದು. ‘ನಿಮ್ಮ ಬಗ್ಗೆ ವಿಚಾರಿಸಬಹುದಾದವರು’ ಎಂಬಲ್ಲಿ ಸಾಹೇಬರ ಹೆಸರು, ಅವರ ಮೊಬೈಲ್ ನಂಬರು. ಅವಳದೇ ಅಕ್ಷರ. ಈಗಲೇ ಕೇಳಬೇಡಿ ಎಂದು ಬರೆದಿದ್ದರೆ ನಾವು ಕೇಳುತ್ತಿರಲಿಲ್ಲ ಎಂದರು ಜಯಮಾಲಾ.

ಅವಳು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತಳು. ನನ್ನ ಕೈಯಾರೆ ಬರೆದದ್ದು... ಕಪಿಲನ ಪರಿಚಯಕ್ಕೂ ಮೊದಲೇ ಬರೆದದ್ದು... ಹನ್ನೆರಡು ಮಂದಿಯ ಮುಂದೆ ಅವನನ್ನು ಏನೆಂದು ಕೇಳಿಬಿಟ್ಟೆ!

ಅಲ್ಲಿಂದಲೇ ನೂರಜಹಾನ್ ಅವರಿಗೆ ಫೋನ್ ಮಾಡಿದಳು. ಕಪಿಲ ಎಲ್ಲಿ ಎಂದಾಗ, ಈಗ ಚಿತ್ತಾಪುರದ ತಹಸೀಲ್ ಕಚೇರಿಯ ಎದುರು ಕೂರುತ್ತಾನೆ ಎಂದರು.

ಆಮೇಲೆ ಅವರು ಎಲ್ಲವನ್ನೂ ಹೇಳಿದರು. ಪ್ಯಾಕಿಂಗ್ ಪ್ಲಾಂಟಿನಲ್ಲಿ ಅವಳ ಹಾಜರಿಯನ್ನು ದಿನ ದಿನವೂ ಬರೆದಿಟ್ಟವನು ಕಪಿಲ. ಆರು ದಿನ ಅವಳು ಲ್ಯಾಬಿನಲ್ಲೇ ಇದ್ದಳು ಎಂದು ಪಟ್ಟಿ ತಿದ್ದಲು ಸಾಹೇಬರು ಹೇಳಿದಾಗ ಅವನು ಒಪ್ಪಲಿಲ್ಲ. ಆ ಪಟ್ಟಿಯ ಪ್ರತಿಯನ್ನೂ, ತನ್ನ ಸಹಿ ಹಾಕಿದ ಟಿಪ್ಪಣಿಯನ್ನೂ ಎಚ್‌ಆರ್ ಮುಖ್ಯಸ್ಥರ ಮುಂದಿಟ್ಟ. ಅದಕ್ಕೇ ಲೆಟರ್ ಬಂದದ್ದು. ತಿಂಗಳ ಕೊನೆಗೆ ಅವನ ಗುತ್ತಿಗೆ ಮುಗಿಯಿತು, ಮುಂದುವರಿಸಲಿಲ್ಲ. ಕಾಯಂ ಪಟ್ಟಿಯಿಂದ ಹೆಸರೂ ಹೋಯಿತು.

“ನಿನಗ ಹೇಳಬ್ಯಾಡ ಅಂತ ಆಣಿ ಹಾಕಿಸಿಕೊಂಡಿದ್ದ ಬೇಟಾ” ಎಂದರು ನೂರಜಹಾನ್. “ಅಂವ ಒಮ್ಮೆ ಬಾಯಿಮಾತು ನಂಬಿ ನೌಕರಿ ಬಿಟ್ಟಿದ್ದ. ಹೊಸ ನೌಕರಿ ಬರಲಿಲ್ಲ. ಅದರಾಗ ಅವರವ್ವಗ ಹಾರ್ಟಿನ ಆಪರೇಷನ್ ಬಂತು, ಕಾರ್ಡು ಬಂದ್ ಆಗಿತ್ತು. ರೊಕ್ಕ ಕೂಡಸೂತನ ಹೊತ್ತು ಮೀರಿತ್ತು. ನಿನ್ನ ಫೈಲಿನಾಗ ನಿಮ್ಮಪ್ಪನ ಬಿಲ್ಲು ನೋಡ್ಯಾನ, ಅದಕ್ಕ ಅವತ್ತು ನಿನ್ನ ಕಾಗದ ತಗೊಂಡಿಲ್ಲ.”

ಗುರುವಾರ ಅವಳ ವಾರದ ರಜೆ. ಚಿಂಚೋಳಿಯಿಂದ ಸೇಡಂ, ಸೇಡಂನಿಂದ ಚಿತ್ತಾಪುರ. ಬಸ್ಸಿನುದ್ದಕ್ಕೂ ಅವಳು ಕ್ಷಮೆಯ ಮಾತನ್ನು ಮನಸ್ಸಿನಲ್ಲಿ ಕಟ್ಟಿದಳು, ಕೆಡವಿದಳು.

ತಹಸೀಲ್ ಕಚೇರಿಯ ಎದುರು ಜೆರಾಕ್ಸ್ ಅಂಗಡಿಯೊಂದರ ಮೂಲೆಯಲ್ಲಿ ಕಪಿಲ ಕುಳಿತಿದ್ದ. ಎದುರಿಗೆ ಕೆಲಸ ಬಿಟ್ಟ ಇಬ್ಬರು ಕಾರ್ಮಿಕರು. ಅವರ ಪಿಎಫ್ ಅರ್ಜಿ ತುಂಬುತ್ತಿದ್ದ. ತೆಳ್ಳಗಾಗಿದ್ದ. ಅವಳನ್ನು ನೋಡಿ ಪೆನ್ನು ನಿಲ್ಲಿಸಿದ, ಮತ್ತೆ ಬರೆದ. ಅವಳು ಬೆಂಚಿನ ತುದಿಯಲ್ಲಿ ಕುಳಿತು ಕಾದಳು. ಇಬ್ಬರೂ ಹೋಗುವಷ್ಟರಲ್ಲಿ ಮುಕ್ಕಾಲು ಗಂಟೆಯಾಗಿತ್ತು.

“ಸಾಹೇಬರ ನಂಬರ್ ಫಾರಂದಾಗ ನಾನೇ ಬರದಿದ್ದೆ” ಎಂದಳು. ಕಟ್ಟಿದ ಮಾತೆಲ್ಲ ಮರೆತುಹೋಗಿತ್ತು. “ನಿಮಗ ಅಷ್ಟ್ ಮಂದ್ಯಾಗ ಅಂದೆ... ನೀವ್ಯಾಕ ಒಂದ್ ಮಾತೂ ಆಡಲಿಲ್ರಿ?”

ಅವನು ಪೆನ್ನಿನ ಮುಚ್ಚಳ ಹಾಕಿದ. ಆಮೇಲೆ ನಿಧಾನವಾಗಿ, ಆಗ ನಿಮ್ಮ ಕೈಗೆ ಆರ್ಡರ್ ಬಂದಿರಲಿಲ್ಲವಲ್ಲ ಎಂದ. ಸಾಹೇಬರ ಬಳಿ ಇದ್ದದ್ದು ಬಾಯಿಮಾತಿನ ಸುದ್ದಿ ಮಾತ್ರ. ಅವಳು ಹೋಗುವ ವಿಷಯ ತಾನು ಯಾರಿಗೂ ಹೇಳಿಲ್ಲ ಎಂದು ಅವನು ಅಲ್ಲಿ ಬಾಯಿ ಬಿಟ್ಟಿದ್ದರೆ, ಅವಳು ಹೋಗುವುದು ಖಾತ್ರಿ ಎಂದು ಇಡೀ ಆಫೀಸಿಗೆ ಗೊತ್ತಾಗುತ್ತಿತ್ತು. ಆರ್ಡರ್ ಬರದಿದ್ದರೆ ಅವಳ ಗತಿ?

“ಆಮ್ಯಾಲ ಹೇಳಬೇಕಂದೆ. ನಿಮ್ಮ ಫೋನ್ ಹತ್ತಲಿಲ್ಲ.”

“ಸಿಟ್ಟದಾ?”

“ಸಿಟ್ಟಿಲ್ರಿ. ಭಾಳ ನೋವಾಗಿತ್ತು. ಇನ್ನೂ ಅದ.”

ಆ ಮಾತು ಅವಳ ಎದೆಗೆ ನಾಟಿತು. ಅವನು ಅದನ್ನು ಮುಚ್ಚಿಡಲಿಲ್ಲ ಎಂಬುದೇ ಅವಳಿಗೆ ಸಮಾಧಾನವೂ ಆಯಿತು.

ಹೊಸ ಕಾರ್ಖಾನೆಯ ಎಚ್‌ಆರ್ ಆಫೀಸಿನಲ್ಲಿ ಜನ ಬೇಕಾಗಿದ್ದಾರೆ, ಜಯಮಾಲಾ ಮೇಡಂಗೆ ಹೇಳಲೇ ಎಂದು ಕೇಳಿದಳು. ಅವನು ತಲೆಯಾಡಿಸಿದ. ಶಹಾಬಾದಿನಲ್ಲಿ ಒಂದು ಕಡೆ ಮಾತಾಗಿದೆ, ಬರಹದಲ್ಲಿ ಬರಲಿ ಎಂದು ಕಾಯುತ್ತಿದ್ದೇನೆ, ಋಣ ತೀರಿಸಲೆಂದು ನನಗೆ ನೌಕರಿ ಕೊಡಿಸಬೇಡಿ ಎಂದ.

“ಋಣಕ್ಕ ಬಂದಿಲ್ರಿ ನಾ.” ಅವಳ ದನಿ ಒಡೆಯಿತು. “ನಿಮ್ಮನ್ನ ಬೈದ ದಿನದಿಂದ ಒಂದ್ ದಿನಾನೂ ನೆಟ್ಟಗ ನಿದ್ದಿ ಮಾಡಿಲ್ಲ. ತಪ್ಪು ನಿಮ್ಮದಂತ ತಿಳಕೊಂಡಾಗೂ ಬಸ್ಸಿನಾಗ ತಿರುಗಿ ತಿರುಗಿ ನೋಡ್ತಿದ್ದೆ. ನಂಗ ನೀವು ಬೇಕ್ರಿ ಕಪಿಲ. ನೌಕರಿ ಇದ್ರೂ, ಇಲ್ದಿದ್ರೂ.”

ಅಂಗಡಿಯವನು ಯಂತ್ರದ ಕಡೆ ಮುಖ ತಿರುಗಿಸಿದ. ಕಪಿಲ ಎರಡೂ ಕೈಯಿಂದ ಮುಖ ಒರೆಸಿಕೊಂಡ. ಆಮೇಲೆ ಬೆಂಚಿನ ಮೇಲಿದ್ದ ಅರ್ಜಿಗಳನ್ನು ಸರಿಸಿ ಬಂದು ಅವಳ ಪಕ್ಕದಲ್ಲಿ ಕುಳಿತ.

“ನಿಮ್ಮಪ್ಪೋರು ಹ್ಯಾಂಗ ಇದ್ದಾರ?”

“ಎರಡ್ ವಾರದ ಹಿಂದ ತೋರಿಸಿದ್ವಿ. ಕೆಮ್ಮು ಕಮ್ಮಿ ಅದ.”

ಅವನು ಕಣ್ಣು ಮುಚ್ಚಿದ. ಎಷ್ಟೋ ವರ್ಷದಿಂದ ಹೊತ್ತ ಯಾವುದೋ ಭಾರದ ಒಂದು ತುದಿ ಇಳಿದಂತೆ ಅವನ ಹೆಗಲು ಸಡಿಲವಾಯಿತು. ಲುಂಬಿನಿ ತನ್ನ ಕೈಯನ್ನು ಅವನ ಕೈಯ ಮೇಲಿಟ್ಟಳು. ಅವನು ಅದನ್ನು ಸರಿಸಲಿಲ್ಲ.

“ನಿಮ್ಮವ್ವನ ಬಗ್ಗೆ ಹೇಳ್ರಿ” ಎಂದಳು ಅವಳು ಮೆಲ್ಲಗೆ. “ಹ್ಯಾಂಗ ಹೋದ್ರು ಅಂತಲ್ಲ. ಹ್ಯಾಂಗಿದ್ರು ಅಂತ.”

ಅವನು ಅವಳನ್ನೇ ನೋಡಿದ. ಇಷ್ಟು ವರ್ಷ ಯಾರೂ ಹಾಗೆ ಕೇಳಿರಲಿಲ್ಲ. ಕಣ್ಣು ತುಂಬಿದ್ದರೂ ತುಟಿಯ ಅಂಚಿನಲ್ಲಿ ನಗು ಮೂಡಿತು.

“ಭಾಳ ಜಗಳಗಂಟಿ ಇದ್ದಳು” ಎಂದ. “ನಿನ್ನಂಗನ.”